ವಿಸ್ಕಸ್ ಫ್ಯಾನ್ ಬಿಚ್ಚಲು ಬರುತ್ತಿಲ್ಲ, ಏನು ಮಾಡಲಿ?

ಪ್ರಶ್ನೆ: ನಮಸ್ಕಾರ ಅಣ್ಣ. ನನ್ನದು ಹಳೇ ಬಿಎಂಡಬ್ಲ್ಯೂ ಇ39, ಆರು ಸಿಲಿಂಡರ್ ಪೆಟ್ರೋಲ್. ವಾಟರ್ ಪಂಪ್ ಸೋರುತ್ತಿದೆ, ಬದಲಾಯಿಸಬೇಕು. ಅದಕ್ಕೆ ಮುಂಚೆ ಫ್ಯಾನ್ ಬಿಚ್ಚಬೇಕಲ್ವಾ? 32ರ ಸ್ಪ್ಯಾನರ್ ಹಾಕಿ ಎಷ್ಟು ಎಳೆದರೂ ಫ್ಯಾನ್ ಜೊತೆ ಪುಲ್ಲಿನೂ ತಿರುಗುತ್ತದೆ, ನಟ್ ಮಾತ್ರ ಜಪ್ಪಯ್ಯ ಅನ್ನುವುದಿಲ್ಲ. ಬೆಲ್ಟ್ ತೆಗೆದಿಟ್ಟಿದ್ದೇನೆ. ಗ್ಯಾಸ್ ಟಾರ್ಚಿನಿಂದ ಬಿಸಿ ಮಾಡಲಾ?

ಉತ್ತರ: ಬಿಸಿ ಬೇಡವೇ ಬೇಡ. ಫ್ಯಾನ್ ನಡುವೆ, ಅದನ್ನು ಪಂಪಿಗೆ ಜೋಡಿಸುವ ದುಂಡನೆಯ ವಿಸ್ಕಸ್ ಕ್ಲಚ್ ಇದೆಯಲ್ಲ, ಅದರೊಳಗೆ ಸಿಲಿಕೋನ್ ಎಣ್ಣೆ ಇದೆ, ಸೀಲ್ ಇದೆ, ಸುತ್ತ ಪ್ಲಾಸ್ಟಿಕ್ ರೆಕ್ಕೆಗಳಿವೆ. ಎಲ್ಲಾ ಹಾಳಾಗುತ್ತದೆ.

ಮೊದಲು ಬೆಲ್ಟ್ ವಾಪಸ್ ಹಾಕಿ. ಪುಲ್ಲಿಯನ್ನು ಹಿಡಿದಿಡುವುದೇ ಅದು. ಆಮೇಲೆ ಯಾವ ಕಡೆಗೆ ತಿರುಗಿಸುತ್ತಿದ್ದೀರಿ ನೋಡಿಕೊಳ್ಳಿ. ನಿಮ್ಮ ಗಾಡಿಯಲ್ಲಿ ಅದು ಉಲ್ಟಾ ಥ್ರೆಡ್. ಬಂಪರ್ ಮುಂದೆ ನಿಂತು ನೋಡಿದರೆ ಗಡಿಯಾರದ ಮುಳ್ಳು ತಿರುಗುವ ಕಡೆಗೇ ಬಿಚ್ಚಬೇಕು. ಹಾಗೆ ಮಾಡಿದ್ದಕ್ಕೆ ಕಾರಣ ಇದೆ. ಮುಂದಿನಿಂದ ನೋಡಿದರೆ ಪಂಪ್ ಆ ಕಡೆಗೇ ಸುತ್ತುತ್ತದೆ, ಗಾಳಿ ಫ್ಯಾನನ್ನು ಹಿಂದಕ್ಕೆ ತಡೆಯುತ್ತದೆ. ಆ ತಡೆಯಿಂದ ನಟ್ ಸಡಿಲ ಆಗುವ ಬದಲು ಬಿಗಿಯಾಗಲಿ ಅಂತ ಉಲ್ಟಾ ಕೊಟ್ಟಿದ್ದಾರೆ. ಅಂದರೆ ಇಷ್ಟು ವರ್ಷ ಇಂಜಿನ್ನೇ ಅದನ್ನು ಬಿಗಿ ಮಾಡುತ್ತಾ ಬಂದಿದೆ. ನಿಧಾನವಾಗಿ ಎಳೆದರೆ ಪುಲ್ಲಿ ಜಾರುತ್ತದೆ ಅಷ್ಟೇ. ಇಲ್ಲಿ ಬೇಕಾದದ್ದು ಏಟು.

ಇಂಜಿನ್ ಪೂರ್ತಿ ತಣ್ಣಗಿರಲಿ, ಬ್ಯಾಟರಿ ತಂತಿ ಕಳಚಿ. ರೇಡಿಯೇಟರ್‌ಗೆ ದಪ್ಪ ರಟ್ಟು ಅಡ್ಡ ಇಡಿ, ಸ್ಪ್ಯಾನರ್ ಜಾರಿದರೆ ಅದರ ತೆಳು ರೆಕ್ಕೆಗಳಿಗೆ ಬಡಿಯುತ್ತದೆ. ನಟ್ ಬುಡಕ್ಕೆ ತುಕ್ಕು ಬಿಡಿಸುವ ಎಣ್ಣೆ ಸ್ವಲ್ಪ ಬಿಟ್ಟು ರಾತ್ರಿಯಿಡೀ ಬಿಡಿ. ಬೆಲ್ಟ್‌ಗೆ ತಾಗಬಾರದು. ಬೆಳಿಗ್ಗೆ ತೆಳುವಾದ, ಉದ್ದನೆಯ 32ರ ಸ್ಪ್ಯಾನರ್ ಹಾಕಿ, ಹಿಡಿ ನಿಮ್ಮ ಬಲಗೈ ಕಡೆ ಇರಲಿ. ಸ್ಪ್ಯಾನರ್ ನಟ್ ಮೇಲೆ ಗಟ್ಟಿಯಾಗಿ ಕೂತಿದೆ ಅಂತ ಖಚಿತ ಮಾಡಿಕೊಂಡು, ಹಿಡಿಯ ತುದಿಗೆ ಸುತ್ತಿಗೆಯಿಂದ ಮೇಲಿನಿಂದ ಕೆಳಕ್ಕೆ ಚುರುಕಾಗಿ ಒಂದು ಏಟು. ಕಣ್ಣಿಗೆ ಕನ್ನಡಕ ಮರೆಯಬೇಡಿ. ಬಹಳ ಸಲ ಇಷ್ಟಕ್ಕೇ ಬಿಟ್ಟುಕೊಡುತ್ತದೆ.

ಪ್ರಶ್ನೆ: ಏಟು ಕೊಟ್ಟೆ ಅಣ್ಣ, ಬೆಲ್ಟ್ ಮೇಲೇ ಪುಲ್ಲಿ ಜಾರುತ್ತಿದೆ. ಪುಲ್ಲಿ ಬೋಲ್ಟುಗಳ ನಡುವೆ ಸ್ಕ್ರೂಡ್ರೈವರ್ ತುರುಕಿ ಹಿಡಿಯಲಾ?

ಉತ್ತರ: ಬೇಡ. ಪುಲ್ಲಿ ಸೊಟ್ಟಗಾದರೆ ಬೆಲ್ಟ್ ನೆಟ್ಟಗೆ ಓಡುವುದಿಲ್ಲ. ಪುಲ್ಲಿ ಮೇಲೆ ನಾಲ್ಕು ಬೋಲ್ಟ್ ತಲೆಗಳು ಕಾಣುತ್ತವಲ್ಲ, ಅವುಗಳಲ್ಲಿ ಎರಡಕ್ಕೆ ಸಿಕ್ಕಿಸುವ ಹಿಡಿಕೆ ಸಿಗುತ್ತದೆ. ಸಿಗದಿದ್ದರೆ ಗಟ್ಟಿ ಕಬ್ಬಿಣದ ಪಟ್ಟಿಗೆ ಲೇತ್ ಅಂಗಡಿಯಲ್ಲಿ ಅಳತೆ ಕೊಟ್ಟು ಎರಡು ತೂತು ಹಾಕಿಸಿ, ಬೋಲ್ಟ್ ತಲೆ ಒಳಗೆ ಕೂರುವ ಹಾಗೆ. ಒಬ್ಬರು ಪಟ್ಟಿ ಹಿಡಿಯಲಿ, ಇನ್ನೊಬ್ಬರು ಏಟು ಕೊಡಲಿ. ಹೇಗಿದ್ದರೂ ಪಂಪ್ ಬದಲಾಯಿಸುತ್ತಿದ್ದೀರಿ, ಹಾಗಾಗಿ ಅದರ ಬೇರಿಂಗ್ ಚಿಂತೆ ನಿಮಗಿಲ್ಲ. ಪಂಪ್ ಉಳಿಸಿಕೊಳ್ಳುವವರು ಮಾತ್ರ ಸುಮ್ನೆ ಮೇಲಿಂದ ಮೇಲೆ ಬಡಿಯಬಾರದು.

ಪ್ರಶ್ನೆ: ಬಂತು ಅಣ್ಣ! ಪಟ್ಟಿ ಹಿಡಿದು ಹೊಡೆದ ತಕ್ಷಣ ಬಿಟ್ಟಿತು. ಈಗ ಫ್ಯಾನ್ ಕವರ್ ಒಳಗೆ ಸಿಕ್ಕಿಕೊಂಡಿದೆ.

ಉತ್ತರ: ತುಂಬಾ ಸಂತೋಷ. ಕವರಿನ ಕ್ಲಿಪ್ ಬಿಚ್ಚಿ, ಎರಡನ್ನೂ ಒಟ್ಟಿಗೇ ಮೇಲಕ್ಕೆ ಎತ್ತಿ. ಕ್ಲಚ್ಚನ್ನು ಮಲಗಿಸಬೇಡಿ, ಗಾಡಿಯಲ್ಲಿದ್ದ ಹಾಗೇ ನಿಲ್ಲಿಸಿಡಿ. ಇಲ್ಲದಿದ್ದರೆ ಎಣ್ಣೆ ಜಾಗ ಬಿಡುತ್ತದೆ. ಮುಂಭಾಗದಲ್ಲಿ ಎಣ್ಣೆ ಜಿನುಗಿದ ಗುರುತು ಇದೆಯಾ, ಕ್ಲಚ್ ಅಲುಗಾಡುತ್ತದೆಯಾ ಅಂತ ನೋಡಿ. ಪ್ಲಾಸ್ಟಿಕ್ ರೆಕ್ಕೆಗಳ ಬುಡದಲ್ಲಿ ಕೂದಲೆಳೆಯಷ್ಟು ಬಿರುಕು ಕಂಡರೂ ಹೊಸದು ಹಾಕಿ. ಓಡುವಾಗ ಮುರಿದರೆ ರೇಡಿಯೇಟರ್, ಬಾನೆಟ್ ಎರಡನ್ನೂ ತಿನ್ನುತ್ತದೆ. ಇದರಲ್ಲಿ ಉಳಿತಾಯ ಮಾಡಬೇಡಿ.

ವಾಪಸ್ ಹಾಕುವಾಗ ಥ್ರೆಡ್ ಒರೆಸಿ, ಕೈಯಲ್ಲೇ ಗಡಿಯಾರದ ಮುಳ್ಳಿಗೆ ಉಲ್ಟಾ ಕಡೆಗೆ ಹತ್ತಿಸಿ. ಅಡ್ಡ ಥ್ರೆಡ್ ಆದರೆ ಹೊಸ ಪಂಪ್ ಹೋಯಿತು. ಬಿಗಿ 40 ನ್ಯೂಟನ್ ಮೀಟರ್ ಸಾಕು, ಉಳಿದದ್ದನ್ನು ಇಂಜಿನ್ ನೋಡಿಕೊಳ್ಳುತ್ತದೆ.

ಇನ್ನೊಬ್ಬರ ಪ್ರಶ್ನೆ: ಸರ್, ನಮ್ಮದು ಹಳೇ ಇನ್ನೋವಾ ಡೀಸೆಲ್, 2.5. ಅದಕ್ಕೂ ಇದೇ ಉಲ್ಟಾ ಥ್ರೆಡ್ಡಾ?

ಉತ್ತರ: ಇಲ್ಲ ಸರ್. ಅದರಲ್ಲಿ ದೊಡ್ಡ ನಟ್ ಇಲ್ಲ, ನಾಲ್ಕು ಚಿಕ್ಕ ನಟ್‌ಗಳಲ್ಲಿ ಕ್ಲಚ್ ಪುಲ್ಲಿಗೆ ಕೂತಿರುತ್ತದೆ, ಮಾಮೂಲಿ ಥ್ರೆಡ್. ಬೆಲ್ಟ್ ಬಿಗಿಯಾಗಿರುವಾಗಲೇ ನಾಲ್ಕನ್ನೂ ಸ್ವಲ್ಪ ಸ್ವಲ್ಪ ಸಡಿಲ ಮಾಡಿಕೊಳ್ಳಿ, ಆಮೇಲೆ ಬೆಲ್ಟ್ ತೆಗೆಯಿರಿ.