ಮಾಂಟ್‌ಗೊಮರಿ ಕೌಂಟಿ ಎಕ್ಸಿಕ್ಯುಟಿವ್ ಚುನಾವಣೆ 2022: ನಿಮ್ಮ ಮತ ಯಾರಿಗೆ, ಏಕೆ?

ಪ್ರಶ್ನೆ: ಜರ್ಮನ್‌ಟೌನ್ ನಿವಾಸಿ, ಜೂನ್ 2022

ಎಲ್ಲರಿಗೂ ನಮಸ್ಕಾರ. ಜುಲೈ 19ರಂದು ನಡೆಯಲಿರುವ ಡೆಮಾಕ್ರಟಿಕ್ ಪ್ರೈಮರಿಯಲ್ಲಿ, ಅಂದರೆ ಪಕ್ಷದ ಅಭ್ಯರ್ಥಿಯನ್ನು ಆರಿಸುವ ಚುನಾವಣೆಯಲ್ಲಿ, ಮೇರಿಲ್ಯಾಂಡ್ ರಾಜ್ಯದ ನಮ್ಮ ಕೌಂಟಿಯ (ಜಿಲ್ಲೆಯಂಥ ಆಡಳಿತ ಘಟಕ) ಎಕ್ಸಿಕ್ಯುಟಿವ್, ಅಂದರೆ ಆಡಳಿತ ಮುಖ್ಯಸ್ಥರ ಸ್ಥಾನಕ್ಕೆ ಯಾರನ್ನು ಆರಿಸಬೇಕು ಎಂಬ ಬಗ್ಗೆ ಇಲ್ಲಿ ಬಹುಕಾಲದಿಂದ ನೆಲೆಸಿರುವವರ ಅಭಿಪ್ರಾಯ ತಿಳಿಯಬಯಸುತ್ತೇನೆ. ಪೌರತ್ವ ಪಡೆದ ಮೇಲೆ ಅಧ್ಯಕ್ಷೀಯ ಚುನಾವಣೆಯಲ್ಲಿ ಮತ ಹಾಕಿದ್ದೇನೆ. ಆದರೆ ಕೌಂಟಿಯ ಮಟ್ಟದ ಚುನಾವಣೆಯನ್ನು ಗಂಭೀರವಾಗಿ ಗಮನಿಸುತ್ತಿರುವುದು ಇದೇ ಮೊದಲು. ಮಾದರಿ ಮತಪತ್ರದಲ್ಲಿ ನಾಲ್ಕು ಹೆಸರುಗಳು ಅಕ್ಷರಾನುಕ್ರಮದಲ್ಲಿವೆ: ಡೇವಿಡ್ ಬ್ಲೇರ್, ಮಾರ್ಕ್ ಎಲ್ರಿಚ್, ಪೀಟರ್ ಜೇಮ್ಸ್, ಹ್ಯಾನ್ಸ್ ರೀಮರ್. ಪ್ರತಿ ಹೆಸರಿನ ಪಕ್ಕದಲ್ಲಿ ಶಾಯಿ ತುಂಬಬೇಕಾದ ಒಂದು ಅಂಡಾಕಾರ ಇದೆಯೇ ಹೊರತು, ಯಾರು ಈಗ ಅಧಿಕಾರದಲ್ಲಿದ್ದಾರೆ, ಯಾರು ಹೊಸಬರು ಎಂಬ ಸುಳಿವು ಅದರಲ್ಲಿಲ್ಲ.

ನನಗೆ ಮುಖ್ಯವಾದ ವಿಷಯಗಳು ಮೂರು: ಮಕ್ಕಳ ಶಾಲೆ, ಏರುತ್ತಲೇ ಇರುವ ಆಸ್ತಿ ತೆರಿಗೆ, ಮತ್ತು 270ನೇ ಹೆದ್ದಾರಿಯಲ್ಲಿ ಪ್ರತಿದಿನ ಅನುಭವಿಸುವ ವಾಹನ ದಟ್ಟಣೆ. ಪ್ರಚಾರದ ಕರಪತ್ರಗಳನ್ನು ಓದಿದರೆ ಜೇಮ್ಸ್ ಅವರನ್ನು ಬಿಟ್ಟು ಉಳಿದ ಮೂವರು ಪ್ರಮುಖ ಅಭ್ಯರ್ಥಿಗಳೂ ಈ ಮೂರನ್ನೂ ಸರಿಪಡಿಸುವುದಾಗಿ ಹೇಳುತ್ತಿದ್ದಾರೆ. ಯಾರ ಮಾತಿಗೆ ಎಷ್ಟು ಬೆಲೆ ಕೊಡಬೇಕು? ಇನ್ನೊಂದು ವಿಷಯ: ನನ್ನ ಪತ್ನಿ ಯಾವ ಪಕ್ಷಕ್ಕೂ ಸೇರದೆ ನೋಂದಾಯಿಸಿಕೊಂಡಿದ್ದಾರೆ. ಅವರು ಈ ಪ್ರೈಮರಿಯಲ್ಲಿ ಮತ ಹಾಕಬಹುದೇ?

ಉತ್ತರ: ಸಿಲ್ವರ್ ಸ್ಪ್ರಿಂಗ್‌ನಿಂದ

ಮೊದಲು ನಿಮ್ಮ ಕೊನೆಯ ಪ್ರಶ್ನೆಗೆ ಉತ್ತರಿಸುತ್ತೇನೆ, ಏಕೆಂದರೆ ಅದಕ್ಕೆ ಗಡುವಿದೆ. ಮೇರಿಲ್ಯಾಂಡ್‌ನ ಪ್ರೈಮರಿಗಳಲ್ಲಿ ಆಯಾ ಪಕ್ಷದಲ್ಲಿ ನೋಂದಾಯಿಸಿಕೊಂಡವರು ಮಾತ್ರ ಆ ಪಕ್ಷದ ಅಭ್ಯರ್ಥಿಯನ್ನು ಆರಿಸಬಹುದು. ನಿಮ್ಮ ಪತ್ನಿಯವರಿಗೆ ಈಗಿರುವಂತೆ ಸಿಗುವುದು ಪಕ್ಷಾತೀತವಾದ ಶಾಲಾ ಮಂಡಳಿಯ ಮತಪತ್ರ ಮಾತ್ರ. ಪಕ್ಷವನ್ನು ಬದಲಿಸಿಕೊಳ್ಳಬೇಕಾದರೆ ಚುನಾವಣೆಗೆ ಮೂರು ವಾರ ಮೊದಲು, ಅಂದರೆ ಜೂನ್ 28ರೊಳಗೆ ಆ ಕೆಲಸ ಆಗಬೇಕು. ದಯವಿಟ್ಟು ತಡಮಾಡಬೇಡಿ. ನಮ್ಮ ಕೌಂಟಿಯಲ್ಲಿ ನಿಜವಾದ ಸ್ಪರ್ಧೆ ನಡೆಯುವುದು ಜುಲೈನಲ್ಲಿಯೇ. 1970ರಲ್ಲಿ ಆಯ್ಕೆಯಾಗಿ 1978ರವರೆಗೆ ಇದ್ದ ಮೊದಲ ಎಕ್ಸಿಕ್ಯುಟಿವ್ ಜೇಮ್ಸ್ ಗ್ಲೀಸನ್ ಅವರ ನಂತರ ಈ ಹುದ್ದೆಗೆ ಯಾವ ರಿಪಬ್ಲಿಕನ್ನರೂ ಬಂದಿಲ್ಲ.

ನನ್ನ ಮತ ಈಗಿನ ಎಕ್ಸಿಕ್ಯುಟಿವ್ ಎಲ್ರಿಚ್ ಅವರಿಗೆ. ಟಕೋಮಾ ಪಾರ್ಕ್‌ನ ರೋಲಿಂಗ್ ಟೆರೆಸ್ ಶಾಲೆಯಲ್ಲಿ ಮೇಷ್ಟ್ರಾಗಿದ್ದವರು, ಆ ಊರಿನ ನಗರ ಸಭೆಯಲ್ಲಿ ದುಡಿದವರು, 2006ರಿಂದ 12 ವರ್ಷ ಶಾಸನ ರೂಪಿಸುವ ಕೌಂಟಿ ಕೌನ್ಸಿಲ್‌ನಲ್ಲಿದ್ದವರು. ಕನಿಷ್ಠ ಕೂಲಿಯನ್ನು ಗಂಟೆಗೆ 15 ಡಾಲರ್‌ಗೆ ಏರಿಸುವ ಮಸೂದೆಯನ್ನು ತಂದವರು ಅವರೇ. ಅದು ಮೊದಲ ಸಲ ವಿಫಲವಾದಾಗ ಕೈಬಿಡದೆ 2017ರ ನವೆಂಬರ್‌ನಲ್ಲಿ ಮತ್ತೆ ತಂದು ಗೆಲ್ಲಿಸಿಕೊಂಡರು. ಬಸ್ಸಿಗೇ ಮೀಸಲಾದ ಪಥಗಳಿರಬೇಕೆಂದು ಬೇರೆಯವರಿಗೆ ಅದರಲ್ಲಿ ಆಸಕ್ತಿಯೇ ಇಲ್ಲದ ಕಾಲದಿಂದಲೂ ವಾದಿಸುತ್ತ ಬಂದಿದ್ದಾರೆ. 2020ರ ಅಕ್ಟೋಬರ್‌ನಲ್ಲಿ 29ನೇ ಮಾರ್ಗದಲ್ಲಿ ಆರಂಭವಾದ ಫ್ಲ್ಯಾಶ್ ಎಂಬ ವೇಗದ ಬಸ್ಸಿನಲ್ಲಿ ನಾನು ಓಡಾಡುತ್ತೇನೆ. ಅದಕ್ಕೆ ಇಡೀ ದಾರಿಯಲ್ಲಿ ಪ್ರತ್ಯೇಕ ಪಥವಿಲ್ಲದಿರುವುದು ದೊಡ್ಡ ಕೊರತೆ, ನಿಜ. ಆದರೂ ಕಾರಿಲ್ಲದವರಿಗೆ ಅದು ತಂದ ಅನುಕೂಲವನ್ನು ಪ್ರತಿದಿನ ಕಣ್ಣಾರೆ ನೋಡುತ್ತೇನೆ. ವರ್ಷಗಟ್ಟಲೆ ಒಂದೇ ವಿಷಯವನ್ನು ಹಿಡಿದು ಕೆಲಸ ಮಾಡುವವರು ರಾಜಕೀಯದಲ್ಲಿ ಅಪರೂಪ, ಮತ್ತು ನಾನು ಗೌರವಿಸುವುದು ಆ ಗುಣವನ್ನೇ.

ಉತ್ತರ: ಪೊಟೊಮ್ಯಾಕ್‌ನಿಂದ

ಸಿಲ್ವರ್ ಸ್ಪ್ರಿಂಗ್‌ನವರು ಹೇಳಿದ್ದನ್ನು ಗೌರವದಿಂದ ಓದಿದೆ. ಆದರೆ ಎಲ್ರಿಚ್ ಅವರ ಪ್ರಾಮಾಣಿಕತೆಯ ಬಗ್ಗೆ ಇಲ್ಲಿ ಯಾರಿಗೂ ಅನುಮಾನವಿಲ್ಲ; ಅನುಮಾನವಿರುವುದು ಉದ್ಯೋಗ ಸೃಷ್ಟಿಯ ಬಗ್ಗೆ. ನದಿಯಾಚೆಯ ವರ್ಜೀನಿಯಾ ಬೆಳೆಯುತ್ತಿರುವ ವೇಗವನ್ನೂ ನಮ್ಮ ಕೌಂಟಿಯ ನಿಧಾನವನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಬೇಸರವಾಗುತ್ತದೆ. 2018ರಲ್ಲಿ ಅಮೆಜಾನ್‌ನ ಎರಡನೇ ಕೇಂದ್ರ ಕಚೇರಿಗೆ ಕೊನೆಯ ಸುತ್ತಿನಲ್ಲಿದ್ದ 20 ಸ್ಥಳಗಳಲ್ಲಿ ನಮ್ಮದೂ ಒಂದಾಗಿತ್ತು. ಅದು ಹೋದದ್ದು ಆರ್ಲಿಂಗ್ಟನ್‌ಗೆ. ಉದ್ಯಮಗಳು ಬರದಿದ್ದರೆ ಶಾಲೆಗೆ, ಬಸ್ಸಿಗೆ, ಆರೋಗ್ಯ ಸೇವೆಗೆ ಬೇಕಾದ ಹಣವೆಲ್ಲ ನಮ್ಮ ಮನೆಗಳ ಆಸ್ತಿ ತೆರಿಗೆಯಿಂದಲೇ ಬರಬೇಕಾಗುತ್ತದೆ.

ಡೇವಿಡ್ ಬ್ಲೇರ್ ಅವರು ರಾಕ್‌ವಿಲ್‌ನಲ್ಲಿದ್ದ ಕೆಟಲಿಸ್ಟ್ ಹೆಲ್ತ್ ಸೊಲ್ಯೂಷನ್ಸ್ ಕಂಪನಿಯನ್ನು ಮುನ್ನಡೆಸಿದವರು. ಅದು 2012ರಲ್ಲಿ ಮಾರಾಟವಾಗುವ ಹೊತ್ತಿಗೆ ದೊಡ್ಡ ಸಂಸ್ಥೆಯಾಗಿ ಬೆಳೆದಿತ್ತು. ಇದೇ ಕೌಂಟಿಯಲ್ಲಿ ಜನರನ್ನು ಕೆಲಸಕ್ಕೆ ತೆಗೆದುಕೊಂಡು, ಸಂಬಳ ಕೊಟ್ಟು, ಲೆಕ್ಕ ಒಪ್ಪಿಸಿದ ಅನುಭವ ಉಳಿದ ಪ್ರಮುಖ ಅಭ್ಯರ್ಥಿಗಳಿಗೆ ಇಲ್ಲ. ವಾಷಿಂಗ್ಟನ್ ಪೋಸ್ಟ್ ಸಂಪಾದಕ ಮಂಡಳಿ 2018ರಲ್ಲಿಯೂ ಈ ಸಲವೂ ಅವರನ್ನೇ ಬೆಂಬಲಿಸಿದೆ. ಪತ್ರಿಕೆ ಹೇಳಿತೆಂದು ಮತ ಹಾಕಬೇಕಾಗಿಲ್ಲ, ಆದರೆ ಅದು ಕೊಟ್ಟ ಕಾರಣಗಳನ್ನು ಓದಿನೋಡುವುದು ಒಳ್ಳೆಯದು.

ಉತ್ತರ: ಸಿಲ್ವರ್ ಸ್ಪ್ರಿಂಗ್‌ನಿಂದ

ಅಮೆಜಾನ್ ವಿಷಯದಲ್ಲಿ ಒಂದು ಮಾತು. ಆ ಕಂಪನಿ ಆರ್ಲಿಂಗ್ಟನ್ ಹೆಸರನ್ನು ಘೋಷಿಸಿದ್ದು 2018ರ ನವೆಂಬರ್‌ನಲ್ಲಿ. ಎಲ್ರಿಚ್ ಅಧಿಕಾರ ಸ್ವೀಕರಿಸಿದ್ದು ಡಿಸೆಂಬರ್‌ನಲ್ಲಿ. ಆ ಸೋಲನ್ನು ಅವರ ತಲೆಗೆ ಕಟ್ಟುವುದು ನ್ಯಾಯವಲ್ಲ. ಬ್ಲೇರ್ ಅವರು ತಮ್ಮ ಸ್ವಂತ ಹಣವನ್ನು ನೀರಿನಂತೆ ಖರ್ಚು ಮಾಡುತ್ತಿದ್ದಾರೆ ಎಂಬುದನ್ನೂ ಪ್ರಶ್ನೆ ಕೇಳಿದವರು ತಿಳಿದಿರಲಿ. ಎಲ್ರಿಚ್ ಮತ್ತು ರೀಮರ್ ಇಬ್ಬರೂ ಕೌಂಟಿಯ ಸಾರ್ವಜನಿಕ ಪ್ರಚಾರ ನಿಧಿ ವ್ಯವಸ್ಥೆಗೆ ಒಳಪಟ್ಟು, ವ್ಯಕ್ತಿಗಳಿಂದ ಸಣ್ಣ ಮೊತ್ತದ ದೇಣಿಗೆಯನ್ನು ಮಾತ್ರ ಪಡೆಯುತ್ತಿದ್ದಾರೆ.

ಉತ್ತರ: ಗೈದರ್ಸ್‌ಬರ್ಗ್‌ನಿಂದ

ಪ್ರಶ್ನೆ ಕೇಳಿದವರಿಗೆ ಒಂದು ಸಲಹೆ. ಅಭ್ಯರ್ಥಿ ಎಂಥವರು ಎಂದು ಕೇಳುವ ಮೊದಲು, ಈ ಹುದ್ದೆಯ ಕೈಯಲ್ಲಿ ಏನಿದೆ, ಏನಿಲ್ಲ ಎಂಬುದನ್ನು ತಿಳಿದುಕೊಂಡರೆ ಅರ್ಧ ಗೊಂದಲ ಕಳೆಯುತ್ತದೆ. ಈ ಪ್ರಚಾರದಲ್ಲಿ ಅತಿ ಹೆಚ್ಚು ಸದ್ದು ಮಾಡುತ್ತಿರುವ ವಿಷಯಗಳ ಮೇಲೆಯೇ ಎಕ್ಸಿಕ್ಯುಟಿವ್ ಅವರಿಗೆ ಅತಿ ಕಡಿಮೆ ಹಿಡಿತವಿದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಶಾಲೆಯನ್ನೇ ತೆಗೆದುಕೊಳ್ಳಿ. ಕೌಂಟಿಯ ಈ ವರ್ಷದ ಸುಮಾರು 630 ಕೋಟಿ ಡಾಲರ್ ಬಜೆಟ್‌ನಲ್ಲಿ ಅರ್ಧದಷ್ಟು ಶಾಲೆಗಳಿಗೇ ಹೋಗುತ್ತದೆ. ಆದರೆ ಪಠ್ಯ, ಶಾಲಾ ಗಡಿ, ಸೂಪರಿಂಟೆಂಡೆಂಟ್ ನೇಮಕ, ಇವೆಲ್ಲ ಪ್ರತ್ಯೇಕವಾಗಿ ಚುನಾಯಿತವಾದ ಶಾಲಾ ಮಂಡಳಿಯ ಅಧಿಕಾರ. ಎಕ್ಸಿಕ್ಯುಟಿವ್ ಮಾಡಬಹುದಾದದ್ದು ಪ್ರತಿ ಮಾರ್ಚ್ 15ರೊಳಗೆ ಸಲ್ಲಿಸುವ ಬಜೆಟ್‌ನಲ್ಲಿ ಮಂಡಳಿ ಕೇಳಿದಷ್ಟನ್ನೂ ಕೊಡುವುದೋ ಕಡಿಮೆ ಕೊಡುವುದೋ ಎಂದು ಶಿಫಾರಸು ಮಾಡುವುದು. ಅಲ್ಲಿಯೂ ತಲಾ ವಿದ್ಯಾರ್ಥಿಗೆ ಹಿಂದಿನ ವರ್ಷಕ್ಕಿಂತ ಕಡಿಮೆ ಕೊಡಬಾರದೆಂಬ ರಾಜ್ಯದ ಕಾನೂನು ಕೈ ಕಟ್ಟುತ್ತದೆ. ಕೊನೆಯ ಮಾತು ಕೌನ್ಸಿಲ್‌ನದು. ಆದ್ದರಿಂದ ಶಾಲೆಯ ವಿಷಯದಲ್ಲಿ ನಿಮಗೆ ಕಾಳಜಿ ಇದ್ದರೆ ಅದೇ ಮತಪತ್ರದಲ್ಲಿರುವ ಶಾಲಾ ಮಂಡಳಿಯ ಹೆಸರುಗಳನ್ನು ಇಷ್ಟೇ ಶ್ರದ್ಧೆಯಿಂದ ವಿಚಾರಿಸಿ. ಬಹಳ ಜನ ಆ ಭಾಗವನ್ನು ಖಾಲಿ ಬಿಡುತ್ತಾರೆ, ಅದು ನನಗೆ ತುಂಬ ನೋವಿನ ಸಂಗತಿ.

ಆಸ್ತಿ ತೆರಿಗೆಯ ದರವನ್ನು ಎಕ್ಸಿಕ್ಯುಟಿವ್ ಸೂಚಿಸುತ್ತಾರೆ, ಕೌನ್ಸಿಲ್ ನಿಗದಿ ಮಾಡುತ್ತದೆ. 2020ರಲ್ಲಿ ಮತದಾರರೇ ಒಪ್ಪಿದ ಚಾರ್ಟರ್ (ಕೌಂಟಿಯ ಮೂಲ ಕಾನೂನು) ತಿದ್ದುಪಡಿಯ ಪ್ರಕಾರ, ಹಿಂದಿನ ವರ್ಷದ ದರವನ್ನು ಮೀರಬೇಕಾದರೆ ಕೌನ್ಸಿಲ್ ಸದಸ್ಯರೆಲ್ಲರೂ ಒಮ್ಮತದಿಂದ ಒಪ್ಪಬೇಕು. ಮನೆಯ ಮೌಲ್ಯಮಾಪನ ಮಾಡುವುದು ರಾಜ್ಯ. ಆದ್ದರಿಂದ ನಿಮ್ಮ ಬಿಲ್ಲು ಏರಿದ್ದಕ್ಕೆ ಮೌಲ್ಯ ಏರಿದ್ದು ಕಾರಣವೋ ದರ ಏರಿದ್ದು ಕಾರಣವೋ ಎಂಬುದನ್ನು ಬಿಲ್ಲಿನಲ್ಲಿಯೇ ನೋಡಿ ತಿಳಿದುಕೊಳ್ಳಿ.

ಇನ್ನು 270ನೇ ಹೆದ್ದಾರಿ. ಅಲ್ಲಿ ಟೋಲ್ ಪಥಗಳನ್ನು ಸೇರಿಸುವುದು ಗವರ್ನರ್ ಹೋಗನ್ ಅವರ ಯೋಜನೆ. ಎಲ್ರಿಚ್ ಅದನ್ನು ವಿರೋಧಿಸಿದ್ದಾರೆ, ಆದರೆ ಹೆದ್ದಾರಿ ರಾಜ್ಯದ್ದು. ಯಾರು ಎಕ್ಸಿಕ್ಯುಟಿವ್ ಆದರೂ ಅದರ ಬಗ್ಗೆ ಗಟ್ಟಿಯಾಗಿ ದನಿ ಎತ್ತಬಹುದು, ಅಷ್ಟೆ.

ಥ್ರೈವ್ 2050 ಎಂಬ ಅಭಿವೃದ್ಧಿ ಯೋಜನೆಯ ಚರ್ಚೆಯಂತೂ ವಿಪರೀತಕ್ಕೆ ಹೋಗಿದೆ. ಇದು 1964ರ ಮೂಲ ಯೋಜನೆಯ ಜಾಗದಲ್ಲಿ ಬರಬೇಕಾದ ಹೊಸ ಮಾರ್ಗಸೂಚಿ. ಮುಖ್ಯ ರಸ್ತೆಗಳ ಆಸುಪಾಸಿನಲ್ಲಿ ಒಂಟಿ ಮನೆಗಳ ಜೊತೆಗೆ ಜೋಡಿ ಮನೆ, ಸಣ್ಣ ಅಪಾರ್ಟ್‌ಮೆಂಟುಗಳಿಗೂ ಅವಕಾಶವಿರಲಿ ಎಂಬುದು ಅದರ ಒಂದು ಮುಖ್ಯ ಆಶಯ. ರೀಮರ್ ಅದರ ಪ್ರಬಲ ಸಮರ್ಥಕರು. ಎಲ್ರಿಚ್ ಈಗಿನ ರೂಪದಲ್ಲಿ ಅದನ್ನು ಒಪ್ಪುವುದಿಲ್ಲ. ಆದರೆ ಯೋಜನೆಯನ್ನು ಬರೆಯುವುದು ಪ್ಲಾನಿಂಗ್ ಬೋರ್ಡ್, ಅಂಗೀಕರಿಸುವುದು ಕೌನ್ಸಿಲ್. ಯಾವ ಜಾಗದಲ್ಲಿ ಏನು ಕಟ್ಟಬಹುದೆಂಬ ವಲಯ ನಿಯಮಗಳ ತಿದ್ದುಪಡಿಗೆ ಎಕ್ಸಿಕ್ಯುಟಿವ್ ಅವರ ವೀಟೊ ಅನ್ವಯಿಸುವುದೇ ಇಲ್ಲ. ಮನೆಗಳ ವಿಷಯದಲ್ಲಿ ನಿಮಗೆ ಯಾವ ನಿಲುವಿದ್ದರೂ ಕೌನ್ಸಿಲ್‌ಗೆ ಹಾಕುವ ಮತ ಹೆಚ್ಚು ಪರಿಣಾಮಕಾರಿ. ಈ ಸಲ ಕೌನ್ಸಿಲ್ 9 ಸದಸ್ಯರಿಂದ 11ಕ್ಕೆ ಏರುತ್ತಿದೆ, ನಿಮ್ಮ ಜಿಲ್ಲೆಯ ಗಡಿಯೂ ಬದಲಾಗಿರಬಹುದು.

ಹಾಗಾದರೆ ಈ ಹುದ್ದೆಗೆ ಶಕ್ತಿಯೇ ಇಲ್ಲವೇ ಎಂದು ಕೇಳಬಹುದು. ಇದೆ, ಬೇಕಾದಷ್ಟಿದೆ, ಆದರೆ ಅದು ಕರಪತ್ರದಲ್ಲಿ ಮಿಂಚುವಂಥದ್ದಲ್ಲ. ಪೊಲೀಸ್, ಆರೋಗ್ಯ, ಸಾರಿಗೆ, ಕಟ್ಟಡ ಪರವಾನಗಿ, ಗ್ರಂಥಾಲಯ ಇಲಾಖೆಗಳ ಮುಖ್ಯಸ್ಥರನ್ನು ಕೌನ್ಸಿಲ್‌ನ ಒಪ್ಪಿಗೆಯೊಂದಿಗೆ ನೇಮಿಸುವವರು ಎಕ್ಸಿಕ್ಯುಟಿವ್. ನೌಕರರ ಸಂಘಗಳೊಂದಿಗೆ ವೇತನ ಒಪ್ಪಂದಕ್ಕೆ ಕೂರುವವರು ಅವರು. ಕೌಂಟಿಯ ರೈಡ್ ಆನ್ ಬಸ್ಸುಗಳು ಅವರ ಇಲಾಖೆಯವು. ಕನಿಷ್ಠ ಕೂಲಿಯ ಕಥೆಯಲ್ಲಿಯೇ ಈ ಹುದ್ದೆಯ ಬಲ ಕಾಣುತ್ತದೆ: ಎಲ್ರಿಚ್ ತಂದ ಮಸೂದೆ 2017ರ ಜನವರಿಯಲ್ಲಿ ಕೌನ್ಸಿಲ್‌ನಲ್ಲಿ ಒಂದೇ ಮತದ ಅಂತರದಿಂದ ಪಾಸಾಯಿತು, ಆಗಿನ ಎಕ್ಸಿಕ್ಯುಟಿವ್ ಐಸಾಯ ಲೆಗೆಟ್ ಅದನ್ನು ವೀಟೊ ಮಾಡಿದರು. ನವೆಂಬರ್‌ನಲ್ಲಿ ಹೆಚ್ಚು ಕಾಲಾವಕಾಶವಿರುವ ಹೊಸ ಮಸೂದೆಗೆ ಎಲ್ಲ ಸದಸ್ಯರೂ ಒಪ್ಪಿದ ಮೇಲಷ್ಟೇ ಸಹಿ ಬಿತ್ತು.

ನೀವು ಜರ್ಮನ್‌ಟೌನ್‌ನವರಾದ್ದರಿಂದ ನಾನು ಅಭ್ಯರ್ಥಿಗಳಿಗೆ ಕೇಳಬೇಕೆನ್ನುವ ಪ್ರಶ್ನೆ ಇದು: 355ನೇ ರಸ್ತೆಯಲ್ಲಿ ಬರಬೇಕಾದ ವೇಗದ ಬಸ್ ಮಾರ್ಗಕ್ಕೆ ಕೌಂಟಿಯ ಬಂಡವಾಳ ಬಜೆಟ್‌ನಲ್ಲಿ ಯಾವ ವರ್ಷ ಹಣ ಇಡುತ್ತೀರಿ, ಮತ್ತು ಅದಕ್ಕಾಗಿ ಯಾವುದನ್ನು ಮುಂದೂಡುತ್ತೀರಿ? ಎರಡನೆಯ ಅರ್ಧಕ್ಕೆ ಉತ್ತರ ಕೊಡುವವರನ್ನು ನಾನು ನಂಬುತ್ತೇನೆ. ನನ್ನ ಮಟ್ಟಿಗೆ ಎಲ್ರಿಚ್ ಮತ್ತು ರೀಮರ್ ನಡುವೆ ತೂಗಿ ನೋಡುತ್ತಿದ್ದೇನೆ. ಇಲಾಖೆಗಳನ್ನು ನಡೆಸುವುದು ಕಂಪನಿ ನಡೆಸಿದಂತಲ್ಲ ಎಂಬ ಕಾರಣಕ್ಕೆ ಬ್ಲೇರ್ ಅವರತ್ತ ಮನಸ್ಸು ಹೋಗುತ್ತಿಲ್ಲ.

ಉತ್ತರ: ಬೆಥೆಸ್ಡಾದಿಂದ

ರೀಮರ್ ಅವರ ಪರವಾಗಿ ಯಾರೂ ಬರೆದಿಲ್ಲವಾದ್ದರಿಂದ ನಾನು ಬರೆಯುತ್ತೇನೆ. 2010ರಿಂದ ಕೌನ್ಸಿಲ್‌ನಲ್ಲಿದ್ದಾರೆ. ಹಿತ್ತಲಿನಲ್ಲಿಯೋ ನೆಲಮಾಳಿಗೆಯಲ್ಲಿಯೋ ಸಣ್ಣ ಮನೆ ಕಟ್ಟಿಕೊಳ್ಳುವುದನ್ನು ಸುಲಭಗೊಳಿಸಿದ 2019ರ ನಿಯಮ ಅವರ ಪ್ರಯತ್ನದ ಫಲ. ವಯಸ್ಸಾದ ತಂದೆತಾಯಿಯರನ್ನು ಜೊತೆಯಲ್ಲಿಟ್ಟುಕೊಂಡೂ ಅವರಿಗೊಂದು ಪ್ರತ್ಯೇಕ ಬಾಗಿಲಿರಲಿ ಎಂದು ಬಯಸುವ ನಮ್ಮಂಥ ಕುಟುಂಬಗಳಿಗೆ ಇದರ ಮಹತ್ವ ವಿವರಿಸಬೇಕಾಗಿಲ್ಲ. ಗೈದರ್ಸ್‌ಬರ್ಗ್‌ನವರು ಹೇಳಿದಂತೆ ವಲಯ ನಿಯಮ ಕೌನ್ಸಿಲ್‌ನದೇ. ಆದರೆ ನಿಯಮ ಬಂದ ಮೇಲೆ ಪರವಾನಗಿ ಕೊಡುವ ಇಲಾಖೆ ಎಕ್ಸಿಕ್ಯುಟಿವ್ ಅವರದು. ನಿಯಮದಲ್ಲಿ ನಂಬಿಕೆಯಿಲ್ಲದವರ ಕೈಕೆಳಗೆ ಅದು ಕಾಗದದಲ್ಲೇ ಉಳಿಯಬಹುದೆಂಬ ಆತಂಕ ನನ್ನದು.

ಅವರು ಮೂರನೇ ಸ್ಥಾನದಲ್ಲಿದ್ದಾರೆ, ಮತ ವ್ಯರ್ಥವಾಗುತ್ತದೆ ಎಂದು ಗೆಳೆಯರು ಹೇಳುತ್ತಾರೆ. ಇಲ್ಲಿ ಎರಡನೇ ಸುತ್ತಿನ ಮತದಾನವಿಲ್ಲ, ಎಲ್ಲರಿಗಿಂತ ಹೆಚ್ಚು ಮತ ಪಡೆದವರು ಗೆದ್ದಂತೆ. 2018ರಲ್ಲಿ ಆರು ಜನರ ಸ್ಪರ್ಧೆಯಲ್ಲಿ ಎಲ್ರಿಚ್ ಅವರಿಗೂ ಬ್ಲೇರ್ ಅವರಿಗೂ ತಲಾ 37 ಸಾವಿರಕ್ಕೂ ಹೆಚ್ಚು ಮತ ಬಂದು, ಅಂತರ ಉಳಿದದ್ದು 77. ಅದು ಗೊತ್ತಿದ್ದೂ ನನ್ನ ಮನಸ್ಸಿಗೆ ಒಪ್ಪಿದವರಿಗೇ ಮತ ಹಾಕುತ್ತೇನೆ.

ಪ್ರಶ್ನೆ ಕೇಳಿದವರು, ಜುಲೈ 2022

ಎಲ್ಲರಿಗೂ ಹೃತ್ಪೂರ್ವಕ ಕೃತಜ್ಞತೆಗಳು. ನನ್ನ ಪತ್ನಿ ಗಡುವಿಗೆ ಮೊದಲೇ ಪಕ್ಷ ಬದಲಿಸಿಕೊಂಡರು. ನಾವಿಬ್ಬರೂ ಮುಂಗಡ ಮತದಾನದ ಅವಧಿಯಲ್ಲಿಯೇ ಮತ ಹಾಕಿದೆವು, ಬೇರೆ ಬೇರೆ ಅಭ್ಯರ್ಥಿಗಳಿಗೆ. ಫಲಿತಾಂಶ ಏಕೆ ಇನ್ನೂ ಬಂದಿಲ್ಲ?

ಉತ್ತರ: ಗೈದರ್ಸ್‌ಬರ್ಗ್‌ನಿಂದ, ಜುಲೈ 2022

ಈ ಸಲದ ನಿಯಮದಂತೆ ಅಂಚೆ ಮತಗಳನ್ನು ಚುನಾವಣೆಯ ದಿನ ಮುಗಿಯುವ ಮೊದಲು ತೆರೆಯುವಂತಿರಲಿಲ್ಲ. ಈ ಸಲ ಎಣಿಕೆ ಆರಂಭವಾದದ್ದೇ ಜುಲೈ 21ರಂದು. ಮೊದಲೇ ಎಣಿಸಲು ಅವಕಾಶ ಕೊಡುವ ಮಸೂದೆಯನ್ನು ಗವರ್ನರ್ ಮೇ ತಿಂಗಳಲ್ಲಿ ವೀಟೊ ಮಾಡಿದ್ದರು. ನಮ್ಮ ಕೌಂಟಿಯಲ್ಲಿ ಅಂಚೆ ಮತಗಳ ರಾಶಿಯೇ ಇದೆ. ವಿಳಂಬವನ್ನು ಕಂಡು ಅಕ್ರಮವೆಂದು ಯಾರೂ ಭಾವಿಸಬಾರದೆಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ.

ಉತ್ತರ: ಗೈದರ್ಸ್‌ಬರ್ಗ್‌ನಿಂದ, ಆಗಸ್ಟ್ 2022ರ ಕೊನೆ

ಮರುಎಣಿಕೆ ಮುಗಿದಿದೆ. ಎಲ್ರಿಚ್ 55,504, ಬ್ಲೇರ್ 55,472. ಅಂತರ 32. ರೀಮರ್ ಅವರಿಗೆ 28 ಸಾವಿರಕ್ಕೂ ಹೆಚ್ಚು ಮತಗಳು ಬಂದಿವೆ. ಗೆದ್ದವರಿಗೂ ಸೋತವರಿಗೂ ಸಿಕ್ಕಿದ್ದು ಶೇ. 39ರ ಆಸುಪಾಸು ಎಂಬುದನ್ನು ನೋಡಿದರೆ, ಅಭ್ಯರ್ಥಿಗಳನ್ನು ಆದ್ಯತೆಯ ಕ್ರಮದಲ್ಲಿ ಗುರುತಿಸುವ ಪದ್ಧತಿ ಬೇಕೆಂಬ ಬೇಡಿಕೆಗೆ ಬಲ ಬರುತ್ತದೆ. ಅದಕ್ಕೆ ರಾಜ್ಯದ ಶಾಸಕಾಂಗ ಅನುಮತಿ ಕೊಡಬೇಕು, ಈವರೆಗೆ ಕೊಟ್ಟಿಲ್ಲ. ಬೆಥೆಸ್ಡಾದವರ ಮೇಲೆ ಯಾರೂ ಕೋಪಿಸಿಕೊಳ್ಳಬಾರದು. ರೀಮರ್ ಕಣದಲ್ಲಿಲ್ಲದಿದ್ದರೆ ಆ ಮತಗಳು ಯಾರಿಗೆ ಹೋಗುತ್ತಿದ್ದವೆಂದು ಖಚಿತವಾಗಿ ಹೇಳಬಲ್ಲವರು ಯಾರೂ ಇಲ್ಲ.

ನವೆಂಬರ್ 8ರಂದು ರಿಪಬ್ಲಿಕನ್ ಅಭ್ಯರ್ಥಿ ರಿಯರ್ಡನ್ ಸಲ್ಲಿವನ್ ಎದುರು ಅಂತಿಮ ಚುನಾವಣೆ ಇದೆ. ಅದರಲ್ಲಿ ಪಕ್ಷಕ್ಕೆ ಸೇರದವರೂ ಮತ ಹಾಕಬಹುದು. ಜರ್ಮನ್‌ಟೌನ್‌ನವರು 355ರ ಬಸ್ಸಿನ ಪ್ರಶ್ನೆಯನ್ನು ಇಬ್ಬರಿಗೂ ಬರಹದಲ್ಲಿ ಕಳುಹಿಸಲಿ. ಯಾರೇ ಗೆದ್ದರೂ ಮಾರ್ಚ್‌ನಲ್ಲಿ ಬಜೆಟ್ ಬಂದ ಮೇಲೆ ಕೌನ್ಸಿಲ್ ಸಾರ್ವಜನಿಕ ವಿಚಾರಣೆ ನಡೆಸುತ್ತದೆ. ಮೊದಲೇ ಹೆಸರು ಕೊಟ್ಟರೆ ಕೆಲವು ನಿಮಿಷ ಮಾತನಾಡಲು ಅವಕಾಶ ಸಿಗುತ್ತದೆ. ನೀವು ಬರುವುದಾದರೆ ನಾನೂ ಹೆಸರು ಕೊಡುತ್ತೇನೆ.