ಬಳಸಿದ ಬುಟೀಕ್ ಫ್ರೆಟ್‌ಲೆಸ್ ಬೇಸ್: ದಾವಣಗೆರೆಯಲ್ಲಿದ್ದುಕೊಂಡು ಕೊಳ್ಳುವುದು ಸರಿಯೇ?

ಮಂದ್ರತಂತಿ (ದಾವಣಗೆರೆ):

ಬೆಂಗಳೂರಿನ ವಾದಕರೊಬ್ಬರು ತಮ್ಮ ನಾಲ್ಕು ತಂತಿಯ ಫ್ರೆಟ್‌ಲೆಸ್ (ಸ್ವರಸ್ಥಾನಗಳಲ್ಲಿ ಫ್ರೆಟ್ ಎಂಬ ಲೋಹದ ಪಟ್ಟಿಗಳಿಲ್ಲದ) ಬೇಸ್ ಗಿಟಾರನ್ನು ಮಾರಲು ಮುಂದಾಗಿದ್ದಾರೆ. ಅದು ಅಮೆರಿಕದ ಸಣ್ಣ ಕಾರ್ಯಾಗಾರವೊಂದರಲ್ಲಿ ಕೈಯಿಂದ ತಯಾರಾದದ್ದು. 34 ಇಂಚಿನ ಸ್ಕೇಲ್ (ತಂತಿಯ ನುಡಿಯುವ ಉದ್ದ), ನೆಕ್-ಥ್ರೂ ರಚನೆ (ಕತ್ತಿನ ಮರವೇ ಒಡಲಿನ ಉದ್ದಕ್ಕೂ ಹಾದುಹೋಗುವುದು), ಬೆರಳೊತ್ತುವ ಹಲಗೆಯಾದ ಕರಿಮರದ ಫಿಂಗರ್‌ಬೋರ್ಡ್‌ನ ಮೇಲೆ ದಪ್ಪನೆಯ ಹೊಳೆಯುವ ಲೇಪನ ಇವೆ. ಫ್ರೆಟ್‌ಗಳ ಜಾಗದಲ್ಲಿ ಗೆರೆಗಳೂ ಇಲ್ಲ, ಬದಿಯಲ್ಲಿ ಚುಕ್ಕೆಗಳು ಮಾತ್ರ ಇವೆ. ಅವರು ಕೇಳುತ್ತಿರುವ ಬೆಲೆ 1,60,000 ರೂಪಾಯಿ. ನಾನು ಇಲ್ಲಿನ ಆರ್ಕೆಸ್ಟ್ರಾದಲ್ಲಿ ಫ್ರೆಟ್ ಇರುವ ಬೇಸ್ ನುಡಿಸುತ್ತೇನೆ. ಸುಗಮ ಸಂಗೀತದ ಕಾರ್ಯಕ್ರಮಗಳಿಗೂ ಹೋಗುತ್ತೇನೆ. ಭಾವಗೀತೆಯಲ್ಲಿ ಗಾಯಕರು ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವಾಗ ನನ್ನ ಬೇಸ್ ಮಾತ್ರ ಮೆಟ್ಟಿಲಿಳಿದಂತೆ ಕೇಳುತ್ತದೆ ಎಂಬುದೇ ಈ ಆಸೆಗೆ ಮೂಲ. ವಾದ್ಯವನ್ನು ನೋಡಲು ಹೋದಾಗ ಏನನ್ನು ಪರೀಕ್ಷಿಸಬೇಕು, ಮತ್ತು ನಮ್ಮೂರಿನ ಬೇಸಿಗೆಯನ್ನು ಅದು ತಾಳಿಕೊಳ್ಳುತ್ತದೆಯೇ?

ಕರಿಮರ:

ತಯಾರಕರ ಹೆಸರನ್ನು ಸ್ವಲ್ಪ ಹೊತ್ತು ಮರೆತು ನೆಕ್ಕನ್ನು ನೋಡಿ. ತಂತಿಯೊಂದನ್ನು ಮೊದಲ ಸ್ವರಸ್ಥಾನದಲ್ಲೂ ಹಲಗೆಯ ಕೊನೆಯಲ್ಲೂ ಒಟ್ಟಿಗೆ ಒತ್ತಿ ಹಿಡಿದರೆ ನಡುವೆ ವಿಸಿಟಿಂಗ್ ಕಾರ್ಡ್‌ನ ದಪ್ಪದಷ್ಟು ಅಥವಾ ಅದಕ್ಕಿಂತ ಕಡಿಮೆ ಅಂತರ ಉಳಿಯಬೇಕು. ಹೆಚ್ಚಿದ್ದರೆ, ಮಾರುವವರ ಕೈಯಿಂದಲೇ ಟ್ರಸ್ ರಾಡನ್ನು (ನೆಕ್ಕಿನ ಬಾಗನ್ನು ಸರಿಪಡಿಸುವ ಒಳಗಿನ ಲೋಹದ ಸಲಾಕೆಯನ್ನು) ಕಾಲು ಸುತ್ತು ತಿರುಗಿಸಿ ತೋರಿಸುವಂತೆ ಕೇಳಿ. ರಾಡ್ ಈಗಾಗಲೇ ಕೊನೆಯವರೆಗೆ ಬಿಗಿಯಾಗಿದ್ದರೆ ಮಾತುಕತೆಯನ್ನು ಅಲ್ಲಿಗೇ ನಿಲ್ಲಿಸಬಹುದು, ಏಕೆಂದರೆ ನೆಕ್-ಥ್ರೂ ವಾದ್ಯದಲ್ಲಿ ನೆಕ್ಕನ್ನು ಬಿಚ್ಚಿ ಬದಲಿಸುವ ದಾರಿಯಿಲ್ಲ. ಬೋಲ್ಟ್ ಹಾಕಿದ ನೆಕ್ ಆಗಿದ್ದರೆ ನಾನು ಇಷ್ಟು ಕಟುವಾಗಿ ಹೇಳುತ್ತಿರಲಿಲ್ಲ.

ಎರಡನೆಯದು ಲೇಪನ. ರೌಂಡ್‌ವೌಂಡ್ ತಂತಿಗಳು (ಗುಂಡು ಎಳೆ ಸುತ್ತಿದ, ಒರಟು ಮೈಯವು) ಹಲಗೆಯನ್ನು ಕೊರೆಯುತ್ತವೆ. ಅಮೆರಿಕದ ಬೇಸ್ ವಾದಕ ಜಾಕೋ ಪಾಸ್ಟೋರಿಯಸ್ ಅವರ ಫ್ರೆಟ್ ತೆಗೆದ 1962ರ ಫೆಂಡರ್ ಜಾಝ್ ಬೇಸ್‌ನ ಹಲಗೆಗೆ ದೋಣಿಗಳಿಗೆ ಬಳಿಯುವ ಎಪಾಕ್ಸಿ ಎಂಬ ಗಟ್ಟಿ ರಾಳ ಬಂದದ್ದು ಈ ಕಾರಣಕ್ಕೇ. ಲೇಪನದ ಮೇಲ್ಮೈಯಲ್ಲಿ ಸಣ್ಣ ಗೀರುಗಳಿದ್ದರೆ ಉಜ್ಜಿ ಸಮ ಮಾಡಿಸಬಹುದು. ಆದರೆ ತಂತಿಯ ಕೆಳಗೆ ಉಗುರಿಗೆ ಸಿಗುವಷ್ಟು ಆಳದ ಹಳ್ಳ ಬಿದ್ದಿದ್ದರೆ ಅಥವಾ ಬಿರುಕು ಮರದವರೆಗೆ ಇಳಿದಿದ್ದರೆ ಹೊಸದಾಗಿ ಲೇಪನ ಮಾಡಿಸಬೇಕಾಗುತ್ತದೆ, ಮತ್ತು ಆ ಕೆಲಸ ಬಲ್ಲವರನ್ನು ಹುಡುಕುವುದು ಸುಲಭವಲ್ಲ.

ಬದಿಯ ಚುಕ್ಕೆಗಳು ಸ್ವರಸ್ಥಾನದ ಮೇಲೆಯೇ ಇವೆಯೋ ಅಥವಾ ಫ್ರೆಟ್ ಇರುವ ವಾದ್ಯದಂತೆ ಎರಡು ಸ್ಥಾನಗಳ ನಡುವೆ ಇವೆಯೋ ಎಂದು ಟ್ಯೂನರ್ ಇಟ್ಟು ನೋಡಿ. ಕೆಲವರು ಹಾಗೆ, ಕೆಲವರು ಹೀಗೆ ಇಡುತ್ತಾರೆ. ತಿಳಿಯದೆ ನುಡಿಸಿದರೆ ವಾದ್ಯವೇ ಅಪಸ್ವರದ್ದೆಂದು ತೋರುತ್ತದೆ. ಆಂಪ್ ಇಲ್ಲದೆ ಜಿ ತಂತಿಯ ಐದರಿಂದ ಏಳನೆಯ ಸ್ಥಾನದವರೆಗೆ ಒಂದೊಂದೇ ಸ್ವರ ನುಡಿಸಿ, ಯಾವುದಾದರೂ ಬೇಗ ಸಾಯುತ್ತದೆಯೇ ಎಂದು ಕೇಳಿ. ವಾದ್ಯದೊಳಗಿನ ಪ್ರಿಆಂಪ್ (ಧ್ವನಿ ಹೆಚ್ಚಿಸಿ ತಿದ್ದುವ ಸರ್ಕ್ಯೂಟ್) 9 ವೋಲ್ಟ್ ಬ್ಯಾಟರಿಯದಾಗಿದ್ದರೆ ಹೊಸ ಬ್ಯಾಟರಿ ಒಯ್ಯಿರಿ.

ಬೇಸಿಗೆಯ ವಿಷಯ. ಫ್ರೆಟ್ ಇರುವ ವಾದ್ಯದ ಮರ ಒಣಗಿ ಕುಗ್ಗಿದಾಗ ಫ್ರೆಟ್‌ಗಳ ತುದಿ ಅಂಗೈಗೆ ಚುಚ್ಚಿ ಎಚ್ಚರಿಸುತ್ತದೆ. ಫ್ರೆಟ್‌ಲೆಸ್ ವಾದ್ಯದಲ್ಲಿ ಆ ಸೂಚನೆ ಸಿಗುವುದಿಲ್ಲ. ಆದ್ದರಿಂದ ಹಲಗೆ ಮತ್ತು ನೆಕ್ ಅಂಟಿಕೊಂಡಿರುವ ಸಂದಿಯನ್ನು ಬೆಳಕಿಗೆ ಹಿಡಿದು ನೋಡಿ. ಏಪ್ರಿಲ್‌ನಲ್ಲೂ ಜುಲೈನಲ್ಲೂ ಒಮ್ಮೊಮ್ಮೆ ರಾಡ್ ಸರಿಪಡಿಸಿಕೊಂಡು, ಉಳಿದ ಹೊತ್ತು ಗಟ್ಟಿ ಕೇಸಿನಲ್ಲಿ ಇಟ್ಟರೆ ದಾವಣಗೆರೆಯ ಹವೆಯಿಂದ ವಿಶೇಷ ತೊಂದರೆಯಿಲ್ಲ.

ಕೋಟೆಗಾಳಿ (ಚಿತ್ರದುರ್ಗ):

ಮೇಲಿನದೆಲ್ಲ ಸರಿ, ಆದರೆ ವಾದ್ಯ ನಿರ್ದೋಷವಾಗಿದ್ದರೂ ಅದನ್ನು ಎಲ್ಲಿ ನುಡಿಸುತ್ತೀರಿ ಎಂಬ ಪ್ರಶ್ನೆ ಉಳಿಯುತ್ತದೆ. ಗಣೇಶನ ಪೆಂಡಾಲಿನಲ್ಲಿ ಬೇಸ್ ವಾದಕನ ಪಾಲಿಗೆ ಮಾನಿಟರ್ ಬರುವುದು ಅಪರೂಪ. ಬಣ್ಣದ ದೀಪಗಳ ಕೆಳಗೆ ಬದಿಯ ಚುಕ್ಕೆಗಳೂ ಕಾಣುವುದಿಲ್ಲ. ಗಾಯಕರು ಕಪ್ಪು ಒಂದರ (ಹಾರ್ಮೋನಿಯಂನ ಮೊದಲ ಕಪ್ಪು ಮನೆ, ಅಂದರೆ ಸಿ ಶಾರ್ಪ್) ಶ್ರುತಿ ಕೇಳಿದರೆಂದುಕೊಳ್ಳಿ. ಕೀಬೋರ್ಡಿನವರು ಗುಂಡಿ ಒತ್ತಿ ಟ್ರಾನ್ಸ್‌ಪೋಸ್ ಮಾಡಿಕೊಳ್ಳುತ್ತಾರೆ. ನಿಮಗೆ ಮಾತ್ರ ಆ ಶ್ರುತಿಯ ಏಳು ಶುದ್ಧ ಸ್ವರಗಳಲ್ಲಿ ಬೇಸ್‌ನ ನಾಲ್ಕು ತಂತಿಗಳ ಸ್ವರಗಳಾದ ಇ, ಎ, ಡಿ, ಜಿ ಯಾವುದೂ ಬರುವುದಿಲ್ಲ, ಅಂದರೆ ಕಿವಿ ತಿದ್ದಿಕೊಳ್ಳಲು ಒಂದು ತೆರೆದ ತಂತಿಯೂ ಸಿಗುವುದಿಲ್ಲ. ಪಿಟೀಲು ಕಲಿತವರಾಗಿದ್ದರೆ ಈ ಮಾತನ್ನು ಬಿಟ್ಟುಬಿಡಿ. ಇಲ್ಲದಿದ್ದರೆ ಮೊದಲು ಅಗ್ಗದ ಹಳೆಯ ಬೇಸ್ ಒಂದರ ಫ್ರೆಟ್ ಕೀಳಿಸಿ, ಸಂದಿಗಳಿಗೆ ತೆಳು ಮರದ ಪಟ್ಟಿ ತುಂಬಿಸಿ, ಫ್ಲಾಟ್‌ವೌಂಡ್ (ಚಪ್ಪಟೆ ಎಳೆ ಸುತ್ತಿದ, ನುಣುಪಾದ) ತಂತಿ ಹಾಕಿ ಒಂದು ಹಂಗಾಮು ನುಡಿಸುವುದು ಒಳ್ಳೆಯದು. ತುಂಬಿದ ಪಟ್ಟಿಗಳೇ ಗೆರೆಗಳಾಗಿ ನೆರವಾಗುತ್ತವೆ. ಒಂದೂವರೆ ಲಕ್ಷದ ವಾದ್ಯದ ಮೇಲೆ ಸ್ವರಸ್ಥಾನ ಕಲಿಯುವ ಅಗತ್ಯ ನನಗೆ ಕಾಣುವುದಿಲ್ಲ.

ಮಂದ್ರತಂತಿ:

ಪಿಟೀಲು ಕಲಿತಿಲ್ಲ. ಆದರೆ ಈ ವಾದ್ಯವನ್ನು ಪೆಂಡಾಲಿಗೆ ಒಯ್ಯುವ ಯೋಚನೆಯೂ ಇಲ್ಲ. ತಬಲಾ, ಹಾರ್ಮೋನಿಯಂ, ಕೊಳಲಿನೊಂದಿಗೆ ಕುಳಿತು ನುಡಿಸುವ ಸಣ್ಣ ಸಭೆಗಳಿಗೆ ಮಾತ್ರ ಅದು ಬೇಕು. ಫ್ರೆಟ್ ಇರುವುದನ್ನು ಮಾರುವುದಿಲ್ಲ.

ಕೋಟೆಗಾಳಿ:

ಹಾಗಾದರೆ ನನ್ನ ಅರ್ಧ ಆಕ್ಷೇಪ ಬಿದ್ದುಹೋಯಿತು. ಉಳಿದರ್ಧ ಬೆಲೆಯದು: ಫ್ರೆಟ್‌ಲೆಸ್ ಕೊಳ್ಳುವವರು ಕಡಿಮೆ, ನಮ್ಮ ಕಡೆ ಇನ್ನೂ ಕಡಿಮೆ. ಮರಳಿ ಮಾರಬೇಕಾದರೆ ನೀವೂ ಬೆಂಗಳೂರಿನವರನ್ನೇ ಕಾಯಬೇಕು, ಮಾರುವವರಿಗೂ ಇದು ಗೊತ್ತಿರುತ್ತದೆ. ಮೊದಲ ಮಾತಿಗೇ ಒಪ್ಪಬೇಡಿ.

ಕರಿಮರ:

ನೋಡಲು ಹೋಗುವಾಗ ಟ್ಯೂನರಿನ ಜೊತೆ ಒಂದು ಶ್ರುತಿಪೆಟ್ಟಿಗೆಯನ್ನೂ ಒಯ್ಯಿರಿ. ಷಡ್ಜ-ಪಂಚಮ ಇಟ್ಟುಕೊಂಡು ಅರ್ಧ ಗಂಟೆ ನಿಧಾನವಾಗಿ ನುಡಿಸಲು ಅವರು ಬಿಟ್ಟರೆ ನಿಮ್ಮ ಕೈಗೆ ಅದು ಒಗ್ಗುತ್ತದೆಯೋ ಇಲ್ಲವೋ ತಿಳಿಯುತ್ತದೆ. ಬಿಡದಿದ್ದರೆ ಕೊಳ್ಳಬೇಡಿ. ಕೊಂಡರೆ, ಬರುವ ದಾರಿಯಲ್ಲಿ ಹಿರಿಯೂರಿನಲ್ಲಿ ಊಟಕ್ಕೆ ನಿಂತಾಗ ಬಿಸಿಲಿನ ಕಾರಿನಲ್ಲಿ ಅದನ್ನು ಬಿಡದೆ ಒಳಗೆ ತೆಗೆದುಕೊಂಡು ಹೋಗಿ. ಮನೆಗೆ ಬಂದ ಮೇಲೂ ಕೆಲವು ದಿನ ಹವೆಗೆ ಹೊಂದಿಕೊಳ್ಳಲು ಬಿಟ್ಟು, ಆಮೇಲೆ ರಾಡ್ ಮುಟ್ಟಿ.