ಕೆಳಭಾಗದ ಕಿಡ್ನಿ ಕಲ್ಲಿಗೆ ಯಾವ ಚಿಕಿತ್ಸೆ? ಅನುಭವ ಇದ್ದವರು ತಿಳಿಸಿ

ಬಳ್ಳಾರಿಯಲ್ಲಿರುವ ಅಪ್ಪನಿಗೆ 58 ವರ್ಷ. ಎಡ ಮೂತ್ರಪಿಂಡದ ಕೆಳಭಾಗದಲ್ಲಿ 18 ಮಿ.ಮೀ. ಕಲ್ಲಿದೆ. ಒಬ್ಬ ವೈದ್ಯರು ಹೊರಗಿನಿಂದ ತರಂಗ ಹಾಯಿಸಿ ಪುಡಿ ಮಾಡೋಣ ಎಂದರು. ಇನ್ನೊಬ್ಬರು ಬೆನ್ನಿನ ಮೂಲಕ ತೆಗೆಯುವ ಪಿಸಿಎನ್‌ಎಲ್ ಎಂದರು. ಗಾಯವಾಗದ ದಾರಿಯೇ ಬೇಕೆಂದು ಅಪ್ಪನ ಹಟ. ಏನು ಮಾಡಲಿ?

ಉತ್ತರ 1
ನಮ್ಮ ಅಮ್ಮನೂ ಇದೇ ಹಟ ಹಿಡಿದಿದ್ದರು. ಗಾಯದ ಮಾತು ಆಮೇಲೆ; ಕಲ್ಲು ಪೂರ್ತಿ ಹೊರಬರುತ್ತದೆಯೇ ಎಂದು ಮೊದಲು ಕೇಳಿ. ತರಂಗ ಕಲ್ಲನ್ನು ಒಡೆಯುತ್ತದೆ, ತೆಗೆಯುವುದಿಲ್ಲ. ಚೂರುಗಳು ಮೂತ್ರದೊಂದಿಗೆ ತಾವಾಗಿಯೇ ಬರಬೇಕು. ಕೆಳಭಾಗದಲ್ಲಿ ಒಡೆದ ಚೂರು ಮೇಲೆ ಹತ್ತಿ ನಾಳಕ್ಕೆ ಇಳಿಯಬೇಕಾದ್ದರಿಂದ ಎಷ್ಟೋ ಸಲ ಅಲ್ಲೇ ಉಳಿದುಬಿಡುತ್ತದೆ. ಸಿ.ಟಿ. ವರದಿಯಲ್ಲಿ ಕಲ್ಲಿನ ಸಾಂದ್ರತೆ ತಿಳಿಸುವ ‘ಎಚ್‌ಯು’ ಎಂಬ ಅಂಕಿ ಇದ್ದರೆ ನೋಡಿ. 1000 ದಾಟಿದ್ದರೆ ಕಲ್ಲು ಗಟ್ಟಿ, ತರಂಗಕ್ಕೆ ಸುಲಭವಾಗಿ ಜಗ್ಗುವುದಿಲ್ಲ.

ಅಮ್ಮನ ಕಲ್ಲು 2 ಸೆಂ.ಮೀ.ಗಿಂತ ದೊಡ್ಡದಿತ್ತು, ಪಿಸಿಎನ್‌ಎಲ್ ಮಾಡಿಸಿದೆವು. ಬೆನ್ನಿನ ಗಾಯ ಕಿರುಬೆರಳಿನ ಅಗಲದಷ್ಟು. ಮೊದಲ ರಾತ್ರಿ ನಳಿಕೆಯ ಚೀಲದಲ್ಲಿ ಕೆಂಪು ಮೂತ್ರ ಕಂಡು ಎದೆ ಧಸಕ್ಕೆಂದಿತು. ಬೆಳಗಾಗುವಷ್ಟರಲ್ಲಿ ಬಣ್ಣ ತಿಳಿಯಾಗಿತ್ತು. ಕಲ್ಲು ಒಂದೇ ಸಲಕ್ಕೆ ಹೋಯಿತು. ಆದರೆ ರಕ್ತಸ್ರಾವದ ಅಪಾಯ ಇದರಲ್ಲೇ ಹೆಚ್ಚು. ತಂದೆಯವರು ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿದ್ದರೆ ವೈದ್ಯರಿಗೆ ಮೊದಲೇ ತಿಳಿಸಿ, ನೀವಾಗಿ ನಿಲ್ಲಿಸಬೇಡಿ.

ಉತ್ತರ 2
ಮೂರನೆಯ ದಾರಿಯೂ ಇದೆ, ಆರ್‌ಐಆರ್‌ಎಸ್. ಮೂತ್ರದ ದಾರಿಯಿಂದಲೇ ಬಾಗುವ ದುರ್ಬೀನು ಒಳಗೆ ಕಳಿಸಿ ಲೇಸರ್‌ನಿಂದ ಕಲ್ಲು ಪುಡಿ ಮಾಡುತ್ತಾರೆ. ನಾನು ಮಾಡಿಸಿಕೊಂಡಿದ್ದೇನೆ. ಮೈಮೇಲೆ ಒಂದು ಗೆರೆಯೂ ಇಲ್ಲ. ಕಷ್ಟವೆಲ್ಲ ಆಮೇಲೆ ಮೂತ್ರನಾಳದೊಳಗೆ ಬಿಡುವ ತೆಳು ಕೊಳವೆ, ಅಂದರೆ ಡಿಜೆ ಸ್ಟೆಂಟ್‌ನದು: ಮೂತ್ರ ಮಾಡುವಾಗ ಪಕ್ಕೆಯಲ್ಲಿ ಸೆಳೆತ, ಪದೇ ಪದೇ ಅವಸರ, ನಡೆದಾಡಿದರೆ ಮೂತ್ರದಲ್ಲಿ ರಕ್ತದ ಛಾಯೆ. ನೋವಿಗೆ ಮಾತ್ರೆ ಕೇಳಿ ಪಡೆಯಿರಿ, ಸಹಿಸಿಕೊಂಡು ಕೂರಬೇಕಿಲ್ಲ. ಸ್ಟೆಂಟ್ ತೆಗೆಸುವ ದಿನಾಂಕವನ್ನು ಬಿಡುಗಡೆ ಚೀಟಿಯ ಮೇಲೆ ಬರೆಸಿಕೊಳ್ಳಿ. ತಿಂಗಳುಗಟ್ಟಲೆ ಮರೆತರೆ ಅದರ ಮೇಲೆಯೇ ಕಲ್ಲು ಕಟ್ಟುತ್ತದೆ.

ನಿಮ್ಮ ತಂದೆಯವರ ಕಲ್ಲಿಗೆ ಇದು ಅಥವಾ ಸಣ್ಣ ರಂಧ್ರದ ಮಿನಿ ಪಿಸಿಎನ್‌ಎಲ್ ಹೊಂದಬಹುದೇ ಎಂದು ವಿಚಾರಿಸಿ. ಕಲ್ಲು ಉಳಿದರೆ ಎರಡನೆಯ ಸಲದ ಖರ್ಚು ಎಷ್ಟೆಂದು ಈಗಲೇ ಕೇಳಿ.

ಉತ್ತರ 3
ತರಂಗ ಚಿಕಿತ್ಸೆಯನ್ನು ಪೂರ್ತಿ ತಳ್ಳಿಹಾಕಬೇಡಿ. ನಮ್ಮ ಅಣ್ಣನ ಕಲ್ಲು ಚಿಕ್ಕದು, ಮೇಲ್ಭಾಗದಲ್ಲಿತ್ತು. ಅಂದೇ ಮನೆಗೆ ಬಂದ, ಚೂರುಗಳೂ ಬಿದ್ದುಹೋದವು. ಯಾವುದನ್ನೇ ಮಾಡಿಸಿದರೂ ಮೊದಲು ಸೋಂಕು ಇದೆಯೇ ಎಂದು ನೋಡುವ ಮೂತ್ರದ ಕಲ್ಚರ್ ಪರೀಕ್ಷೆ ಆಗಲಿ. ಈ ನಡುವೆ ಪಕ್ಕೆ ನೋವಿನೊಂದಿಗೆ ಚಳಿಜ್ವರ ಬಂದರೆ ನಿಗದಿಯಾದ ದಿನಕ್ಕೆ ಕಾಯದೆ ತಕ್ಷಣ ತುರ್ತು ವಿಭಾಗಕ್ಕೆ ಕರೆದೊಯ್ಯಿರಿ.